ಅಧಿವೇಶನ ಇಲ್ಲದಾಗ ಶಾಸಕರು ಬೆಂಗಳೂರಿನಲ್ಲಿ ಏನು ಮಾಡುತ್ತಾರೆ? ನಾವು ಕೊಟ್ಟ ಅರ್ಜಿ ಎಲ್ಲಿಗೆ ಹೋಗುತ್ತದೆ?

ನೀವು ಕೇಳಿರುವುದು ಎರಡು ವಿಷಯ. ಸದನ ನಡೆಯದ ದಿನಗಳಲ್ಲೂ ಶಾಸಕರು ವಾರಕ್ಕೆ ಎರಡು ಮೂರು ದಿನ ಬೆಂಗಳೂರಿನಲ್ಲಿ ಏಕಿರುತ್ತಾರೆ, ಮತ್ತು ಊರಿನವರು ಕೊಟ್ಟ ಅರ್ಜಿಗಳ ಗತಿ ಏನು. ಶಾಸಕರ ಕಚೇರಿಯ ಕಾಗದಪತ್ರಗಳ ಕೆಲಸ ಬಲ್ಲವನಾಗಿ, ಕರ್ನಾಟಕ ವಿಧಾನಸಭೆಯ ಮಟ್ಟಿಗೆ ಉತ್ತರಿಸುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಸಚಿವರಲ್ಲದ ಶಾಸಕರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ತಹಶೀಲ್ದಾರ್ ಸಹಿ ಮಾಡಿದರೆ ಖಾತೆ ಬದಲಾಗುತ್ತದೆ, ಶಾಸಕರು ಸಹಿ ಮಾಡಿದರೆ ಆಗುವುದಿಲ್ಲ. ಅವರ ಕೈಯಲ್ಲಿರುವುದು ಸದನದಲ್ಲಿ ಪ್ರಶ್ನೆ ಕೇಳುವುದು, ಕೆಲವು ಸಮಿತಿಗಳ ಅಧ್ಯಕ್ಷತೆ, ಒಂದಿಷ್ಟು ಅನುದಾನಕ್ಕೆ ಶಿಫಾರಸು, ಮತ್ತು ಕಡತದ ಬೆನ್ನು ಹತ್ತುವ ಅವಕಾಶ. ಕೊನೆಯದಕ್ಕೆ ಯಾವ ಕಾನೂನಿನಲ್ಲೂ ಹೆಸರಿಲ್ಲ, ಆದರೆ ಒಳ್ಳೆಯ ಶಾಸಕರ ವಾರದ ಬಹುಪಾಲು ಅದಕ್ಕೇ ಹೋಗುತ್ತದೆ.

ವಾರ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಶನಿವಾರ, ಭಾನುವಾರ, ಸೋಮವಾರ ಕ್ಷೇತ್ರದಲ್ಲಿ. ಬೆಳಿಗ್ಗೆ ಮನೆ ಅಥವಾ ಕಚೇರಿಯ ಮುಂದೆ ಜನ, ಹತ್ತರ ನಂತರ ಗುದ್ದಲಿ ಪೂಜೆ, ಸಭೆ, ಮದುವೆ, ಸಾವಿನ ಮನೆ. ದೂರದ ಜಿಲ್ಲೆಯವರು ರಾತ್ರಿ ರೈಲು ಅಥವಾ ಕಾರಿನಲ್ಲಿ ಹೊರಟು ಮಂಗಳವಾರವೋ ಬುಧವಾರವೋ ಬೆಂಗಳೂರು ಸೇರಿ ಶಾಸಕರ ಭವನದಲ್ಲಿ ಉಳಿಯುತ್ತಾರೆ. ಸಚಿವ ಸಂಪುಟ ಸಭೆ ಹೆಚ್ಚಾಗಿ ಗುರುವಾರ ಇರುವುದರಿಂದ ಅದರ ಆಸುಪಾಸಿನಲ್ಲಿ ಸಚಿವರು ರಾಜಧಾನಿಯಲ್ಲಿ ಸಿಗುತ್ತಾರೆ. ಉಳಿದ ದಿನ ಅವರೂ ತಮ್ಮ ಜಿಲ್ಲೆಗಳಲ್ಲಿ. ಆದ್ದರಿಂದ ವಾರದ ನಡುವಿನ ಆ ಎರಡು ದಿನ ತಪ್ಪಿದರೆ ಕೆಲಸ ಒಂದು ವಾರ ಹಿಂದೆ ಬಿದ್ದಂತೆಯೇ.

ಆ ದಿನಗಳಲ್ಲಿ ವಿಧಾನಸೌಧ, ವಿಕಾಸಸೌಧ ಮತ್ತು ಎಂ.ಎಸ್. ಬಿಲ್ಡಿಂಗ್ (ಸರ್ಕಾರಿ ಕಚೇರಿಗಳ ಬಹುಮಹಡಿ ಕಟ್ಟಡ) ನಡುವೆ ಓಡಾಟ. ಒಂದು ರಸ್ತೆಯ ಕಾಗದವನ್ನು ಹಿಂಬಾಲಿಸಿದರೆ ಈ ಓಡಾಟದ ಅರ್ಥ ತಿಳಿಯುತ್ತದೆ. ಶಾಸಕರು ಲೋಕೋಪಯೋಗಿ ಸಚಿವರಿಗೆ ಪತ್ರ ಕೊಡುತ್ತಾರೆ. ಸಚಿವರು ಪತ್ರದ ಮೇಲ್ಭಾಗದಲ್ಲಿ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಆ ಸಾಲು ಬಹಳ ಮುಖ್ಯ. ‘ನಿಯಮಾನುಸಾರ ಪರಿಶೀಲಿಸಿ’ ಎಂದಿದ್ದರೆ ಇಲಾಖೆ ಒಂದು ಹಿಂಬರಹ (ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರ) ಕಳಿಸಿ ಕೈತೊಳೆದುಕೊಳ್ಳಬಹುದು. ‘ಕಡತದಲ್ಲಿ ಮಂಡಿಸಿ’ ಎಂದಿದ್ದರೆ ಕಡತ ತೆರೆದು, ಟಿಪ್ಪಣಿ ಬರೆದು, ಮತ್ತೆ ಸಚಿವರ ಮುಂದೆ ತರಲೇಬೇಕು. ಅನುಭವಿ ಶಾಸಕರು ಎರಡನೆಯದನ್ನೇ ಬರೆಸಿಕೊಂಡು ಬರುತ್ತಾರೆ.

ಅಲ್ಲಿಂದ ಪತ್ರ ಇಲಾಖೆಯ ಕಾರ್ಯದರ್ಶಿಗೆ, ನಂತರ ಶಾಖಾಧಿಕಾರಿಗೆ, ಕೊನೆಗೆ ವಿಷಯ ನಿರ್ವಾಹಕರ (ಆ ವಿಷಯದ ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಮೇಜಿಗೆ ಬಂದು, ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್‌ನಲ್ಲಿ ಒಂದು ಕಡತ ಸಂಖ್ಯೆ ಪಡೆಯುತ್ತದೆ. ಈ ಸಂಖ್ಯೆ ಸಿಗದೆ ಹೊರಬಂದರೆ ಮುಂದಿನ ಸಲ ‘ಯಾವ ಪತ್ರ ಸಾರ್?’ ಎಂಬಲ್ಲಿಂದ ಶುರುವಾಗುತ್ತದೆ. ಆಪ್ತ ಸಹಾಯಕರ ಡೈರಿಯಲ್ಲಿ ಇರಬೇಕಾದ್ದು ಇದೇ: ಕಡತ ಸಂಖ್ಯೆ, ಶಾಖೆ, ಸದ್ಯ ಯಾರ ಲಾಗಿನ್‌ನಲ್ಲಿದೆ, ಎಂದಿನಿಂದ.

ಕಡತ ನಿಲ್ಲುವ ಜಾಗ ಹೆಚ್ಚಿನ ಸಲ ಬೆಂಗಳೂರಲ್ಲ. ಶಾಖೆಯವರು ‘ವರದಿ ಮತ್ತು ಅಂದಾಜು ಪಟ್ಟಿ ಕಳುಹಿಸಿ’ ಎಂದು ಜಿಲ್ಲೆಯ ಕಾರ್ಯಪಾಲಕ ಎಂಜಿನಿಯರಿಗೆ ಬರೆಯುತ್ತಾರೆ, ಅವರು ತಾಲ್ಲೂಕಿನ ಉಪವಿಭಾಗಕ್ಕೆ ಬರೆಯುತ್ತಾರೆ, ಅಲ್ಲಿ ಪತ್ರ ತಿಂಗಳುಗಟ್ಟಲೆ ಮಲಗುತ್ತದೆ. ಜನ ಮಾತ್ರ ಬೆಂಗಳೂರಿನವರನ್ನು ಬೈಯುತ್ತಿರುತ್ತಾರೆ. ಇದಕ್ಕೆ ಪರಿಹಾರ ಸುಲಭ. ಊರಲ್ಲೇ ಎಂಜಿನಿಯರಿಂದ ಚಾಲ್ತಿ ಎಸ್.ಆರ್. ದರದಲ್ಲಿ (ಇಲಾಖೆಯ ಅಧಿಕೃತ ದರಪಟ್ಟಿಯಂತೆ) ಅಂದಾಜು ಪಟ್ಟಿ ಮಾಡಿಸಿ, ಸ್ಥಳದ ನಕ್ಷೆ ಮತ್ತು ಫೋಟೋ ಸೇರಿಸಿ, ಮೊದಲ ಪತ್ರಕ್ಕೇ ಲಗತ್ತಿಸಿ ಒಯ್ಯಬೇಕು. ಆಗ ಕಡತ ಕೆಳಗಿಳಿಯದೆ ನೇರವಾಗಿ ಮೇಲೇರುತ್ತದೆ.

ಮೇಲೇರಿದ ಮೇಲೆ ಆರ್ಥಿಕ ಇಲಾಖೆಯ ಸಹಮತಿ ಬೇಕಾಗಬಹುದು. ರಸ್ತೆ, ಸೇತುವೆಗಳ ಬಂಡವಾಳ ವೆಚ್ಚ 5054 ಎಂಬ ಲೆಕ್ಕ ಶೀರ್ಷಿಕೆಯಡಿ ಬರುತ್ತದೆ. ಅಲ್ಲಿ ಹಣ ಉಳಿದಿದೆಯೇ, ಕಾಮಗಾರಿ ಲೋಕೋಪಯೋಗಿಯ ಅಪೆಂಡಿಕ್ಸ್-ಇ ಎಂಬ ಕಾಮಗಾರಿಗಳ ಪಟ್ಟಿಯಲ್ಲಿದೆಯೇ ಎಂದು ನೋಡುತ್ತಾರೆ. ನಂತರ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ‘ಮಂಜೂರಾಗಿದೆ’ ಎಂದು ಫ್ಲೆಕ್ಸ್ ಕಟ್ಟಿದ ದಿನ ಈ ಸರಣಿಯ ಯಾವ ಹಂತದಲ್ಲಿತ್ತು ಎಂದು ಕೇಳಿ. ಆಡಳಿತಾತ್ಮಕ ಅನುಮೋದನೆಗೂ ಕಾರ್ಯಾದೇಶಕ್ಕೂ ನಡುವೆ ಮಳೆಗಾಲವೊಂದು ಕಳೆದುಹೋಗುವುದು ಸಾಮಾನ್ಯ.

ಬಜೆಟ್ ಸಾಧಾರಣವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮಂಡನೆಯಾಗುವುದರಿಂದ ದೊಡ್ಡ ಬೇಡಿಕೆಗಳು ಡಿಸೆಂಬರ್ ಹೊತ್ತಿಗೆ ಇಲಾಖೆಗೆ ತಲುಪಿರಬೇಕು. ಬಜೆಟ್ ಆದ ಮೇಲೆ ಸೇತುವೆ ಕೇಳಿಕೊಂಡು ಬರುವ ನಿಯೋಗಕ್ಕೆ ಶಾಸಕರು ಆಗಲಿ ಎನ್ನುತ್ತಾರೆ, ಆದರೆ ಅವರ ಕೈಯಲ್ಲಿ ಉಳಿದಿರುವುದು ಪೂರಕ ಅಂದಾಜು (ವರ್ಷದ ನಡುವೆ ಸದನದಲ್ಲಿ ಕೇಳುವ ಹೆಚ್ಚುವರಿ ಹಣ) ಅಥವಾ ಮುಂದಿನ ವರ್ಷ ಮಾತ್ರ.

ಬೆಂಗಳೂರಿನ ಇನ್ನೊಂದು ಕೆಲಸ ಸದನ ಸಮಿತಿಗಳು. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಅರ್ಜಿಗಳ ಸಮಿತಿ, ಭರವಸೆಗಳ ಸಮಿತಿ ಮುಂತಾದವು ಅಧಿವೇಶನ ಇಲ್ಲದಾಗಲೂ ಸಭೆ ಸೇರುತ್ತವೆ. ಇವುಗಳಲ್ಲಿ ಭರವಸೆಗಳ ಸಮಿತಿಯ ಬೆಲೆ ಜನರಿಗೆ ಗೊತ್ತಿಲ್ಲ. ಸದನದಲ್ಲಿ ಸಚಿವರು ‘ಮಾಡಿಕೊಡುತ್ತೇವೆ’ ಎಂದ ಮಾತನ್ನು ನಡವಳಿಯಿಂದ ಆರಿಸಿ, ಈಡೇರಿತೇ ಎಂದು ಇಲಾಖೆಯನ್ನು ಕರೆಸಿ ಕೇಳುವ ಸಮಿತಿ ಇದು. ಹಾಗಾಗಿ ಸಚಿವರ ಬಾಯಿಂದ ಸದನದಲ್ಲಿ ಒಂದು ಖಚಿತ ವಾಕ್ಯ ಹೊರಡಿಸುವುದು ಹತ್ತು ಶಿಫಾರಸು ಪತ್ರಗಳಿಗಿಂತ ಗಟ್ಟಿ.

ಇದು ನನ್ನನ್ನು ಪ್ರಶ್ನೆಗಳ ವಿಷಯಕ್ಕೆ ತರುತ್ತದೆ. ನನ್ನ ದೃಷ್ಟಿಯಲ್ಲಿ ಶಾಸಕರ ಅತ್ಯಂತ ಹರಿತವಾದ ಉಪಕರಣ ಇದೇ, ಅತಿ ಕಡಿಮೆ ಬಳಕೆಯಾಗುವುದೂ ಇದೇ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಎರಡಕ್ಕೂ ಸುಮಾರು ಹದಿನೈದು ದಿನ ಮೊದಲೇ ಸೂಚನೆ ಕೊಡಬೇಕು. ಪ್ರಶ್ನೆ ಅಂಗೀಕಾರವಾದ ಕ್ಷಣದಿಂದ ಸಚಿವಾಲಯ, ಆಯುಕ್ತರು, ಜಿಲ್ಲಾ ಕಚೇರಿ, ತಾಲ್ಲೂಕು ಕಚೇರಿ, ಎಲ್ಲರೂ ಅಂಕಿ ಅಂಶ ಹುಡುಕುತ್ತಾರೆ. ಎಷ್ಟೋ ಸಲ ಉತ್ತರ ಮುದ್ರಣವಾಗುವುದರೊಳಗೆ ಸಮಸ್ಯೆಯೇ ಬಗೆಹರಿದಿರುತ್ತದೆ. ‘ಇನ್ನೂ ಮಾಡಿಲ್ಲ’ ಎಂದು ಬರೆದು ಸಹಿ ಹಾಕಲು ಯಾವ ಅಧಿಕಾರಿಗೂ ಇಷ್ಟವಿಲ್ಲ.

ಆದರೆ ಪ್ರಶ್ನೆ ಬರೆಯುವ ರೀತಿಯಲ್ಲಿ ಎಲ್ಲವೂ ಇದೆ. ‘ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ, ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುವುದು’ ಎಂಬ ಉತ್ತರ ಬಂದು ಬಾಗಿಲು ಮುಚ್ಚುತ್ತದೆ. ಅದನ್ನೇ ಹೀಗೆ ಬಿಡಿಸಿ ಕೇಳಬೇಕು: (ಅ) ಈ ಆಸ್ಪತ್ರೆಗೆ ಮಂಜೂರಾದ ತಜ್ಞ ವೈದ್ಯರ ಹುದ್ದೆಗಳೆಷ್ಟು, ಖಾಲಿ ಎಷ್ಟು, ಯಾವ ದಿನಾಂಕದಿಂದ, (ಆ) ಇಲ್ಲಿ ವೇತನ ಪಡೆಯುತ್ತ ಬೇರೆಡೆ ನಿಯೋಜನೆ ಮೇಲೆ ಇರುವವರೆಷ್ಟು, ಯಾರ ಆದೇಶದ ಮೇಲೆ, (ಇ) ಆ ನಿಯೋಜನೆಗಳನ್ನು ಯಾವಾಗ ರದ್ದುಪಡಿಸಲಾಗುವುದು. ಎರಡನೆಯ ಭಾಗದಲ್ಲಿ ನಿಜ ಹೊರಬರುತ್ತದೆ. ದಾಖಲೆಯಲ್ಲಿ ಅರಿವಳಿಕೆ ತಜ್ಞರು ಇರುತ್ತಾರೆ, ದೇಹ ಮಾತ್ರ ಜಿಲ್ಲಾ ಕೇಂದ್ರದಲ್ಲಿರುತ್ತದೆ, ಅದರಿಂದಾಗಿ ಹೆರಿಗೆ ಶಸ್ತ್ರಚಿಕಿತ್ಸೆಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸಾಮಾನ್ಯ ಕೊರತೆಯ ಉತ್ತರದಲ್ಲಿ ಇದು ಎಂದೂ ಕಾಣುವುದಿಲ್ಲ.

ಸದನ ನಡೆಯುವ ದಿನಗಳೇ ಕಡಿಮೆ ಎಂಬ ನೋವೂ ಇದೆ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಬೆಳಗಾವಿಯ ಅಧಿವೇಶನ ಸೇರಿಸಿದರೂ ಆ ಸಂಖ್ಯೆ ಮುಟ್ಟುವುದು ಅಪರೂಪ. ನಡೆಯದ ಪ್ರತಿ ದಿನಕ್ಕೂ ಒಂದು ದಿನದ ಪ್ರಶ್ನೋತ್ತರ ಕಲಾಪ ಹೋಗುತ್ತದೆ, ನಷ್ಟ ನೇರವಾಗಿ ಕ್ಷೇತ್ರದ್ದು.

ಇನ್ನು ಕ್ಷೇತ್ರದ ಕೆಲಸ. ಸೋಮವಾರದ ಅರ್ಜಿಗಳನ್ನು ಮೂರು ರಾಶಿ ಮಾಡಬೇಕು: ತಾಲ್ಲೂಕಿನಲ್ಲೇ ಮುಗಿಯುವುದು, ಜಿಲ್ಲೆಗೆ ಹೋಗಬೇಕಾದ್ದು, ಬೆಂಗಳೂರಿಗೆ ಒಯ್ಯಬೇಕಾದ್ದು. ಮೊದಲ ರಾಶಿಯೇ ದೊಡ್ಡದು. ಅದರಲ್ಲೂ ‘ಪಿಂಚಣಿ ನಿಂತಿದೆ’ ಎಂಬುದು ತೀರಾ ಸಾಮಾನ್ಯ. ಪತ್ರ ಬರೆಯುವ ಮೊದಲು ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ನೋಡಬೇಕು. ನೇರ ವರ್ಗಾವಣೆಯ ಹಣ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಬಂದಿರುತ್ತಾರೆ, ಹಣ ಸ್ವಸಹಾಯ ಸಂಘಕ್ಕೆಂದು ಬೇರೆ ಬ್ಯಾಂಕಿನಲ್ಲಿ ತೆರೆದ ಖಾತೆಯಲ್ಲಿ ಜಮೆಯಾಗುತ್ತಿರುತ್ತದೆ. ಹಾಗಿಲ್ಲದಿದ್ದರೆ ವಾರ್ಷಿಕ ಪರಿಶೀಲನೆಯಲ್ಲಿ ಗ್ರಾಮ ಆಡಳಿತಾಧಿಕಾರಿ ‘ವಿಳಾಸದಲ್ಲಿಲ್ಲ’ ಎಂದು ನಮೂದಿಸಿರಬಹುದು. ಎರಡಕ್ಕೂ ಶಾಸಕರ ಪತ್ರ ಬೇಡ, ನಾಡಕಚೇರಿ ಮತ್ತು ಬ್ಯಾಂಕ್ ಸಾಕು. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಅಡಿಯಲ್ಲಿ ಬರುವ ಸೇವೆಯಾದರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ತನ್ನಿ. ಗಡುವು ಮೀರಿದ್ದರೆ ಮೇಲ್ಮನವಿ ಹಾಕಬಹುದು, ಮತ್ತು ಆ ಸಂಖ್ಯೆ ಇದ್ದರೆ ಶಾಸಕರು ಮಾಡುವ ಫೋನ್ ಕರೆಗೂ ತೂಕ ಬರುತ್ತದೆ.

ಚಿಕಿತ್ಸೆಗೆ ಸಹಾಯ ಕೇಳಿ ಬರುವವರಿಗೆ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನೋಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರ ಖಾಸಗಿಗೆ ಸೇರಿಸಿ ಬಿಲ್ ಏರಿದ ಮೇಲೆ ಬಂದರೆ ಆ ದಾರಿ ಕಷ್ಟವಾಗುತ್ತದೆ. ಆಗ ಉಳಿಯುವುದು ಮುಖ್ಯಮಂತ್ರಿ ಪರಿಹಾರ ನಿಧಿ. ಅದಕ್ಕೆ ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಮೂಲ ಬಿಲ್, ಡಿಸ್ಚಾರ್ಜ್ ಸಾರಾಂಶ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ರತಿ ಜೋಡಿಸಿ ಶಾಸಕರ ಪತ್ರದೊಂದಿಗೆ ಕೊಡಬೇಕು. ರೋಗಿಯ ಹೆಸರಿನ ಕಾಗುಣಿತ ಆಧಾರ್‌ನಲ್ಲೊಂದು, ಬಿಲ್‌ನಲ್ಲೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗಲೇ ಆಧಾರ್ ತೋರಿಸಿ.

ಶಾಸಕರು ನಿಜವಾಗಿ ನಿರ್ಧಾರ ತೆಗೆದುಕೊಳ್ಳುವ ಜಾಗವೊಂದಿದ್ದರೆ ಅದು ಬಗರ್ ಹುಕುಂ ಸಮಿತಿ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮಗೊಳಿಸುವ ಸಮಿತಿ. ತಾಲ್ಲೂಕು ಮಟ್ಟದ ಈ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಸಕ್ರಮಕ್ಕೆ ಬೇರೆ ಬೇರೆ ಕಾಲದಲ್ಲಿ ಕರೆದ ನಮೂನೆ 50, 53, 57ರ ಅರ್ಜಿಗಳು ಇಲ್ಲಿ ಬರುತ್ತವೆ. ನಮೂನೆ 57ಕ್ಕೆ 2005ರ ಜನವರಿ 1ಕ್ಕೂ ಮೊದಲಿನಿಂದ ಸಾಗುವಳಿ ಇರಬೇಕು, ಅದನ್ನು ಈಗ ಉಪಗ್ರಹ ಚಿತ್ರ ಇಟ್ಟುಕೊಂಡು ನೋಡುತ್ತಾರೆ. ಜಮೀನು ಅರಣ್ಯವಾಗಿದ್ದರೆ, ದನಕರುಗಳಿಗೆ ಬೇಕಾದ ಗೋಮಾಳ ಕಡಿಮೆ ಬಿದ್ದರೆ, ನಗರದ ನಿಗದಿತ ಅಂತರದೊಳಗಿದ್ದರೆ ಅರ್ಜಿ ವಜಾ. ಅರ್ಹರ ಅರ್ಜಿಯೂ ಬಾಕಿ ಉಳಿಯಲು ಮುಖ್ಯ ಕಾರಣ ಸಭೆ ಕರೆಯದಿರುವುದು. ಅರ್ಜಿ ಹಾಕಿದವರು ‘ನಮ್ಮದು ಏನಾಯಿತು’ ಎನ್ನುವುದಕ್ಕಿಂತ ‘ಕಳೆದ ಸಭೆ ಯಾವತ್ತು ಆಯಿತು, ಮುಂದಿನದು ಯಾವತ್ತು, ನಮ್ಮ ಹೋಬಳಿಯ ಸ್ಥಳ ತನಿಖೆ ಮುಗಿದಿದೆಯೇ’ ಎಂದು ಕೇಳುವುದು ಒಳ್ಳೆಯದು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕ್ಷೇತ್ರದಲ್ಲಿ 30 ಗ್ರಾಮ ಪಂಚಾಯಿತಿ ಇದ್ದರೆ ತಲಾ 7 ಲಕ್ಷವೂ ಬರುವುದಿಲ್ಲ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಸಮುದಾಯ ಭವನಗಳು ಇಲ್ಲಿ ಸಿಕ್ಕಿಬೀಳುವುದು ಜಾಗದ ದಾಖಲೆಯಿಂದ. ದಾನಿಯೊಬ್ಬರು ಬಾಯಿಮಾತಿನಲ್ಲಿ ಕೊಟ್ಟ ಜಾಗ ಪಂಚಾಯಿತಿ ಹೆಸರಿಗೆ ಆಗಿರುವುದಿಲ್ಲ. ಮೊದಲು ಅದನ್ನು ಮುಗಿಸಿಕೊಂಡು ಬನ್ನಿ.

ತಾಲ್ಲೂಕಿನ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಮೂರು ತಿಂಗಳಿಗೊಮ್ಮೆ. ಇಡೀ ದಿನ ನಡೆದರೂ ಫಲ ಕೊಡದ ಸಭೆಗಳು ಬಹಳ. ಹಿಂದಿನ ಸಭೆಯ ಅನುಪಾಲನಾ ವರದಿಯನ್ನು (ಆಗ ಹೇಳಿದ್ದರಲ್ಲಿ ಏನೇನಾಯಿತು ಎಂಬ ವರದಿ) ಮೊದಲು ಓದಿಸದೆ ಹೊಸ ವಿಷಯ ಎತ್ತಿಕೊಳ್ಳುವುದು ಅದಕ್ಕೆ ಕಾರಣ. ಪ್ರಗತಿ ವರದಿಯ ಪುಸ್ತಕ ಸಭೆಯ ದಿನ ಬೆಳಿಗ್ಗೆ ಕೈಗೆ ಬಂದರೆ ಯಾರೂ ಅದನ್ನು ಪ್ರಶ್ನಿಸಲಾರರು. ಮೂರು ದಿನ ಮೊದಲೇ ತರಿಸಿಕೊಳ್ಳುವ ಶಾಸಕರ ಸಭೆಗೆ ಅಧಿಕಾರಿಗಳು ತಯಾರಾಗಿ ಬರುತ್ತಾರೆ.

ಸಮಯ ತಿನ್ನುವ ವಿಷಯದಲ್ಲಿ ವರ್ಗಾವಣೆ ಶಿಫಾರಸನ್ನು ಮೀರಿಸುವುದು ಯಾವುದೂ ಇಲ್ಲ. ಮೇ, ಜೂನ್ ತಿಂಗಳಲ್ಲಿ ಬೆಂಗಳೂರಿನ ಎರಡು ದಿನವೂ ಅದಕ್ಕೇ ಮುಗಿದುಹೋಗಬಹುದು. ಆ ಪತ್ರಗಳಿಂದ ಕ್ಷೇತ್ರಕ್ಕೆ ಏನೂ ಸಿಗುವುದಿಲ್ಲ.

ನೀವು ಅರ್ಜಿ ಕೊಡುವುದಾದರೆ: ಒಂದು ಕಾಗದಕ್ಕೆ ಒಂದೇ ವಿಷಯ, ಫೋನ್ ನಂಬರ್, ಸರ್ವೆ ನಂಬರ್ ಅಥವಾ ಹಿಂದಿನ ಅರ್ಜಿಯ ಸಂಖ್ಯೆ, ಎರಡು ಪ್ರತಿ. ರಸ್ತೆಯಾದರೆ ಅದು ಪಂಚಾಯಿತಿಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಲೋಕೋಪಯೋಗಿಯದೋ ವಿಚಾರಿಸಿ ಬರೆಯಿರಿ. ತಪ್ಪು ಇಲಾಖೆಗೆ ಹೋದ ಪತ್ರ ವಾಪಸ್ ಬರಲೇ ತಿಂಗಳು ಬೇಕು. ಹದಿನೈದು ದಿನ ಬಿಟ್ಟು ಆಪ್ತ ಸಹಾಯಕರಿಗೆ ಕರೆ ಮಾಡಿ ಕಡತ ಸಂಖ್ಯೆ ಕೇಳಿ. ಸದನದಲ್ಲಿ ಪ್ರಶ್ನೆ ಕೇಳಿಸಬೇಕೆಂದಿದ್ದರೆ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ, ಮೇಲೆ ಹೇಳಿದಂತೆ ಅ, ಆ, ಇ ಎಂದು ಬಿಡಿಸಿ ನೀವೇ ಕರಡು ಬರೆದುಕೊಡಿ. ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ನಿಮ್ಮ ಶಾಸಕರು ಏನೇನು ಕೇಳಿದ್ದಾರೆ ಎಂಬುದನ್ನೂ ಅಲ್ಲೇ ನೋಡಬಹುದು.