ವಿಆರ್ ತಬಲಾ: ಪೆಟ್ಟು ಬಿದ್ದ ಮೇಲೆ ನಾದ ತಡವಾಗಿ ಬರುವ ಬಗ್ಗೆ

ಮ್ಯೂಸಿಕ್ ಆ್ಯಪ್ ಕೆಲಸದ ಸಂದರ್ಶನಕ್ಕೆ ಡೆಮೊ ತೋರಿಸೋಕೆ ಯೂನಿಟಿಯಲ್ಲಿ (ಗೇಮ್, ವಿಆರ್ ಆ್ಯಪ್ ಕಟ್ಟುವ ಸಾಫ್ಟ್‌ವೇರ್) ವಿಆರ್ ತಬಲಾ ಮಾಡುತ್ತಿರುವವರಿಗೆ ಇದು. ಲ್ಯಾಪ್‌ಟಾಪಿನಲ್ಲಿ ಸರಿಯಿದ್ದು ಕ್ವೆಸ್ಟ್ ವಿಆರ್ ಹೆಡ್‌ಸೆಟ್ಟಿನಲ್ಲಿ ಮಾತ್ರ ತಬಲಾ ತಡವಾಗಿ ನುಡಿಯುತ್ತೆ ಅಂದರೆ, ಬಹುಶಃ ತಪ್ಪು ನಿಮ್ಮ ಕೋಡಿನದ್ದಲ್ಲ, ಆಡಿಯೊ ಬಫರಿನದ್ದು (ಸದ್ದನ್ನು ಹೊರಬಿಡುವ ಮುನ್ನ ಸ್ವಲ್ಪಸ್ವಲ್ಪವಾಗಿ ಕೂಡಿಡುವ ಜಾಗ). ಬ್ಲೂಟೂತ್ ಇಯರ್‌ಫೋನ್ ಹಾಕಿದ್ದರೆ ಮೊದಲು ತೆಗೀರಿ. ಅದೊಂದೇ ತಡವನ್ನು 100 ಮಿಲಿಸೆಕೆಂಡ್ ದಾಟಿಸಿಬಿಡಬಹುದು.

ಆಮೇಲೆ ಯೂನಿಟಿಯ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಆಡಿಯೊದಲ್ಲಿ ಡಿಎಸ್‌ಪಿ ಬಫರ್ ಸೈಜನ್ನು (ಆ ಬಫರಿನ ಗಾತ್ರ) 'ಬೆಸ್ಟ್ ಲೇಟೆನ್ಸಿ'ಗೆ, ಅಂದರೆ ಅತಿ ಕಡಿಮೆ ತಡಕ್ಕೆ, ಬದಲಿಸಿ. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ಇರುವಾಗ, ಬಫರಿನಲ್ಲಿ 1024 ಸ್ಯಾಂಪಲ್ ಅಂದರೆ ಒಂದು ಬಫರಿಗೇ 21 ಮಿಲಿಸೆಕೆಂಡ್. 256 ಆದರೆ 5 ಚಿಲ್ಲರೆ. ಪಟಪಟ ಸದ್ದು ಶುರುವಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಆಡಿಯೊ ಕ್ಲಿಪ್‌ಗಳಿಗೆ 'ಡಿಕಂಪ್ರೆಸ್ ಆನ್ ಲೋಡ್' (ತೆರೆಯುವಾಗಲೇ ಸದ್ದನ್ನು ಬಿಚ್ಚಿಡುವ ಆಯ್ಕೆ) ಇರಲಿ.

ಪ್ರತಿ ಬೋಲ್‌ನ (ತಬಲಾದ ಒಂದೊಂದು ಪೆಟ್ಟಿನ ನುಡಿ) ಫೈಲನ್ನು ಆಡಾಸಿಟಿಯಲ್ಲಿ (ಸದ್ದು ಎಡಿಟ್ ಮಾಡುವ ಸಾಫ್ಟ್‌ವೇರ್) ತೆರೆದು ಶುರುವನ್ನು ಹಿಗ್ಗಿಸಿ ನೋಡಿ. ನನ್ನ 'ನಾ' ಫೈಲಿನ ತಲೆಯಲ್ಲೇ 30 ಮಿಲಿಸೆಕೆಂಡ್ ಮೌನ ಕೂತಿತ್ತು, ಎರಡು ದಿನ ಕೋಡ್ ಕೆದಕಿದ್ದು ದಂಡ.

ಪೆಟ್ಟನ್ನು ಕೊಲಿಷನ್‌ನಿಂದ (ಕೈ ತಬಲಾಕ್ಕೆ ತಾಗಿದ್ದನ್ನು ಯೂನಿಟಿ ಗುರುತಿಸೋದು) ಹಿಡೀತಿದ್ದೀರಿ ಅಂದುಕೊಳ್ತೀನಿ. ಹಾಗಿದ್ದರೆ ಫಿಕ್ಸೆಡ್ ಟೈಮ್‌ಸ್ಟೆಪ್ (ಯೂನಿಟಿ ಎಷ್ಟು ಸೆಕೆಂಡಿಗೊಮ್ಮೆ ಆ ತಾಗುವಿಕೆಯನ್ನು ನೋಡುತ್ತೆ ಅನ್ನೋದು) ಡಿಫಾಲ್ಟ್ 0.02 ಇರುತ್ತೆ, 72 ಹರ್ಟ್ಸ್ ಪರದೆಗೆ (ಸೆಕೆಂಡಿಗೆ 72 ಚಿತ್ರ) 0.0139 ಮಾಡಿ. ಬರಿಗೈ ಟ್ರ್ಯಾಕಿಂಗ್ ಇನ್ನೂ ನಿಧಾನ. ತಿರಕಿಟದಂಥ ವೇಗದ ಬೋಲ್ ಬಾರಿಸೋಕೆ ಕಂಟ್ರೋಲರೇ ವಾಸಿ.

ಅಳೆಯೋದು ಹೀಗೆ: ವರ್ಚುವಲ್ ತಬಲಾದ ಮೇಲ್ಮೈಯನ್ನು ನಿಜವಾದ ಮೇಜಿನ ಎತ್ತರಕ್ಕೇ ಹೊಂದಿಸಿ, ಕಂಟ್ರೋಲರಿನಿಂದ ಮೇಜು ತಟ್ಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ. 'ಟಕ್'ಗೂ ತಬಲಾ ಸದ್ದಿಗೂ ನಡುವಿನ ಅಂತರವೇ ನಿಮ್ಮ ತಡ. ಮ್ಯೂಸಿಕ್ ಆ್ಯಪ್ ಕೆಲಸದ ಸಂದರ್ಶನಕ್ಕೆ ಡೆಮೊ ಜೊತೆ ಈ ಮೊದಲು-ನಂತರದ ಎರಡು ಅಂಕಿಗಳನ್ನೂ ಒಯ್ಯಿರಿ.