ಕಡುಹಸಿರು ಎಲೆಯಲ್ಲಿ ವಿಟಮಿನ್ ಹೆಚ್ಚೇ?

ಪ್ರಶ್ನೆ: ಹಿತ್ತಲಿನ ಎರಡು ಮಡಿಗಳಲ್ಲಿ ಪಾಲಕ್ ಹಾಕಿದ್ದೇನೆ. ಯೂರಿಯಾ ಕೊಟ್ಟ ಮಡಿಯ ಎಲೆಗಳು ಅಗಲ, ಕಡುಹಸಿರು. ಬರೀ ಕಾಂಪೋಸ್ಟ್ ಹಾಕಿದ ಮಡಿಯವು ಸಣ್ಣವು. ಮಕ್ಕಳಿಗೆ ಯಾವುದನ್ನು ಕೊಡಲಿ?

ಉತ್ತರ: ಎರಡನ್ನೂ ಕೊಡಿ, ತಾಯಿ. ಆದರೆ ಯೂರಿಯಾದ ಕೈ ಸ್ವಲ್ಪ ಬಿಗಿಯಾಗಲಿ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಅದು ಸಿಕ್ಕಾಗ ಎಲೆಯಲ್ಲಿ ಪತ್ರಹರಿತ್ತು ಹೆಚ್ಚುತ್ತದೆ, ಜೊತೆಗೆ ಬೀಟಾ ಕ್ಯಾರೋಟಿನ್ ಕೂಡ. ನಮ್ಮ ದೇಹ 'ಎ' ವಿಟಮಿನ್ ಮಾಡಿಕೊಳ್ಳುವುದು ಇದರಿಂದಲೇ. ಆ ಮಟ್ಟಿಗೆ ಕಡುಹಸಿರನ್ನು ನಂಬಬಹುದು. 'ಸಿ' ವಿಟಮಿನ್ ವಿಷಯ ಬೇರೆ. ಗಿಡ ಅದನ್ನು ಸಕ್ಕರೆಯಿಂದ ತಯಾರಿಸುತ್ತದೆ. ಸಾರಜನಕ ಅತಿಯಾದರೆ ಆ ಸಕ್ಕರೆ ಹೊಸ ಎಲೆ ಕಟ್ಟುವುದಕ್ಕೇ ಖರ್ಚಾಗುತ್ತದೆ. ಎಲೆ ನೀರು ತುಂಬಿ ಹಿಗ್ಗುತ್ತದೆ, 'ಸಿ' ತೆಳುವಾಗುತ್ತದೆ.

ನೀವು ಬಿಸಿಲಿನ ಮಾತನ್ನೇ ಎತ್ತಿಲ್ಲ. ನನಗೆ ಗೊಬ್ಬರಕ್ಕಿಂತ ಅದರದೇ ಚಿಂತೆ. ನನ್ನ ಮಡಿಯೊಂದರ ಅರ್ಧಭಾಗಕ್ಕೆ ಮಧ್ಯಾಹ್ನವೇ ಗೋಡೆಯ ನೆರಳು ಬೀಳುತ್ತದೆ. ಬೀಜ, ಗೊಬ್ಬರ, ನೀರು ಎಲ್ಲ ಒಂದೇ. ಆದರೂ ನೆರಳಿನ ಎಲೆ ತೆಳ್ಳಗೆ, ಕೈಯಲ್ಲಿ ಹಿಡಿದರೆ ಜೋತುಬೀಳುತ್ತದೆ. ಬಿಸಿಲಿನ ಎಲೆ ದಪ್ಪ, ಮಡಚಿದರೆ ಟಪ್ಪನೆ ಮುರಿಯುತ್ತದೆ. ಬೆಳಕು ಕಡಿಮೆಯಾದರೆ ಸಕ್ಕರೆ ಕಡಿಮೆ, ಸಕ್ಕರೆ ಕಡಿಮೆಯಾದರೆ 'ಸಿ'ಯೂ ಕಡಿಮೆ. ಬೇರು ಹೀರಿದ ನೈಟ್ರೇಟನ್ನು, ಅಂದರೆ ಸಾರಜನಕದ ಒಂದು ರೂಪವನ್ನು, ಪ್ರೋಟೀನ್ ಆಗಿಸುವುದಕ್ಕೂ ಬೆಳಕು ಬೇಕು. ಸಾಲದಿದ್ದರೆ ಅದು ಎಲೆಯಲ್ಲಿ, ಅದರಲ್ಲೂ ತೊಟ್ಟಿನಲ್ಲಿ, ಹಾಗೆಯೇ ಉಳಿಯುತ್ತದೆ. ಆದ್ದರಿಂದ ನೆರಳಿನ ಮಡಿಗೆ ಯೂರಿಯಾ ಸುರಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕೊಟ್ಟಿಗೆ ಗೊಬ್ಬರವನ್ನು ಅತಿಯಾಗಿ ತುಂಬಿದರೂ ಇದೇ ಗತಿ. ಗಿಡಕ್ಕೆ ಸಾರಜನಕ ಯಾವ ಚೀಲದಿಂದ ಬಂತೆಂಬ ಭೇದವಿಲ್ಲ.

ಕಾಂಪೋಸ್ಟ್ ಮಡಿಯ ಎಲೆಗಳು ಸಣ್ಣವಾದರೂ ಹಸಿರಾಗಿದ್ದರೆ ಚಿಂತೆ ಬೇಡ. ಕೆಳಗಿನ ಎಲೆಗಳು ಹಳದಿಯಾಗಿದ್ದರೆ ಗಿಡ ಹಸಿದಿರಬಹುದು, ಅಂಥ ಎಲೆಯಲ್ಲಿ ಕ್ಯಾರೋಟಿನ್ ಕೂಡ ಕಡಿಮೆ. ಆಗ ಸ್ವಲ್ಪ ಗೊಬ್ಬರ ಕೊಡಲೇಬೇಕು, ಒಂದೇ ಸಲಕ್ಕಲ್ಲ, ಎರಡು ಮೂರು ಕಂತುಗಳಲ್ಲಿ.

ಸೊಪ್ಪನ್ನು ಸಂಜೆಯ ಹೊತ್ತಿಗೆ ಕೊಯ್ಯಿರಿ. ಹಗಲಿನ ಬಿಸಿಲು ಉಂಡ ಎಲೆಯಲ್ಲಿ ಸಕ್ಕರೆ ಹೆಚ್ಚು, ನೈಟ್ರೇಟ್ ಕಡಿಮೆ. ಅಂದೇ ಬೇಯಿಸಿ. ಬಾಡಲು ಬಿಟ್ಟಷ್ಟೂ 'ಸಿ' ಸೋರಿಹೋಗುತ್ತದೆ. ತೊಳೆದ ಮೇಲೆಯೇ ಹೆಚ್ಚಿ, ಕಡಿಮೆ ನೀರಿನಲ್ಲಿ ಬೇಗ ಬೇಯಿಸಿ, ಒಂದು ಚಮಚ ಎಣ್ಣೆ ಸೇರಿಸಿ. ಕ್ಯಾರೋಟಿನ್ ಮೈಗೆ ಹತ್ತುವುದಕ್ಕೆ ಜಿಡ್ಡು ಬೇಕು.