ರಸ್ಟ್‌ನಲ್ಲಿ ಕರ್ನಲ್ ಡಿವೈಸ್ ಸುತ್ತುವ ಟೈಪ್‌ಗೆ ಸೆಂಡ್, ಸಿಂಕ್ ಅನ್ನು ನಾವೇ ಏಕೆ ಬರೆಯಬೇಕು?

ಸೆಂಡ್ ಎಂದರೆ ಮೌಲ್ಯವನ್ನು ಬೇರೆ ಥ್ರೆಡ್‌ಗೆ ಒಪ್ಪಿಸಬಹುದು, ಸಿಂಕ್ ಎಂದರೆ ಅದರ ರೆಫರೆನ್ಸನ್ನು ಹಲವು ಥ್ರೆಡ್‌ಗಳು ಹಂಚಿಕೊಳ್ಳಬಹುದು ಎಂಬ ಭರವಸೆ. ಆದರೆ ಡಿವೈಸ್‌ನ ಸಿ ಸ್ಟ್ರಕ್ಟ್‌ನ ಲಾಕಿಂಗ್ ನಿಯಮಗಳು ಕಂಪೈಲರ್‌ಗೆ ಕಾಣುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಆ ಸ್ಟ್ರಕ್ಟ್ ‘ಓಪೇಕ್’ ಎಂಬ ಹೊದಿಕೆ ಟೈಪ್‌ನ ಒಳಗೆ ಕೂರುತ್ತದೆ. ಓಪೇಕ್‌ನಲ್ಲಿ ಹಂಚಿಕೊಂಡ ರೆಫರೆನ್ಸ್ ಮೂಲಕವೂ ಡೇಟಾ ಬದಲಿಸಲು ಬಿಡುವ ಅನ್‌ಸೇಫ್‌ಸೆಲ್ ಇರುವುದರಿಂದ ಸಿಂಕ್ ತಾನಾಗಿ ಬಾರದು. ಸ್ಟ್ರಕ್ಟ್‌ನ ಕಚ್ಚಾ ಪಾಯಿಂಟರ್‌ಗಳಿಂದಾಗಿ ಸೆಂಡ್ ಕೂಡ ಬಾರದು. ಎರಡೂ ಇಲ್ಲದೆ ರೆಫರೆನ್ಸ್ ಎಣಿಸುವ ‘ಎರೆಫ್’ ಪಾಯಿಂಟರ್ ಅನ್ನು ಬೇರೆ ಥ್ರೆಡ್‌ಗೆ ದಾಟಿಸಲಾಗದು.

ಸೆಂಡ್‌ಗೆ ಸಮರ್ಥನೆ ಸರಳ: ಕೊನೆಯ ರೆಫರೆನ್ಸನ್ನು ಯಾವ ಥ್ರೆಡ್‌ನಿಂದ ಬಿಟ್ಟರೂ ಡಿವೈಸ್ ಬಿಡುಗಡೆ ಮಾಡುವ ರಿಲೀಸ್ ಕಾಲ್‌ಬ್ಯಾಕ್ ಸರಿಯಾಗಿ ನಡೆಯಬೇಕು.

ಜನ ಎಡವುವುದು ಸಿಂಕ್‌ನಲ್ಲಿ. ರೆಫರೆನ್ಸ್ ಎಣಿಕೆ ಅಟಾಮಿಕ್ ಆದ ಮಾತ್ರಕ್ಕೆ ಉಳಿದ ಫೀಲ್ಡ್‌ಗಳು ಸುರಕ್ಷಿತವಲ್ಲ. ಹಂಚಿಕೊಂಡ ರೆಫರೆನ್ಸ್ ಮೂಲಕ ಸಿಗುವ ಪ್ರತಿ ಸೇಫ್ ಮೆಥಡ್ ಅನ್ನೂ ಏಕಕಾಲದಲ್ಲಿ ಎರಡು ಸಿಪಿಯುಗಳಿಂದ ಕರೆದರೆ ಏನಾಗುತ್ತದೆ ಎಂದು ನೋಡಿ. ಡ್ರೈವರ್ ಡೇಟಾ ಪಾಯಿಂಟರ್ ಬದಲಿಸುವ ಮೆಥಡ್ ಲಾಕ್ ಇಲ್ಲದೆ ಅಲ್ಲಿದ್ದರೆ ಅದು ನೇರ ಡೇಟಾ ರೇಸ್, ಅಂದರೆ ಒಂದೇ ಡೇಟಾ ಮೇಲೆ ಏಕಕಾಲದ ಘರ್ಷಣೆ. ಅದನ್ನು ಡಿವೈಸ್ ಲಾಕ್ ಹಿಡಿದಿರುವ ಪ್ರೋಬ್ (ಡ್ರೈವರ್ ಡಿವೈಸ್‌ಗೆ ಜೋಡಣೆಯಾಗುವ) ಹಂತದ ಟೈಪ್‌ಗೆ ಸೀಮಿತಗೊಳಿಸಿ. ಹೊಸ ಮೆಥಡ್ ಸೇರಿಸಿದಾಗಲೆಲ್ಲ ಈ ಅನ್‌ಸೇಫ್ ಕೋಡ್ ಏಕೆ ಸರಿ ಎಂದು ವಿವರಿಸುವ ಸೇಫ್ಟಿ ಕಾಮೆಂಟ್ ಮತ್ತೆ ಓದಿ.

ಇನ್ನೊಂದು: ರೆಫರೆನ್ಸ್ ಉಳಿಸುವುದು ಮೆಮೊರಿಯನ್ನು ಮಾತ್ರ. ಡ್ರೈವರ್ ಅನ್‌ಬೈಂಡ್ ಆದಮೇಲೆ (ಡಿವೈಸ್‌ನಿಂದ ಬೇರ್ಪಟ್ಟ ಮೇಲೆ) ಹಾರ್ಡ್‌ವೇರ್ ರಿಜಿಸ್ಟರ್ ಮ್ಯಾಪಿಂಗ್ ಮುಟ್ಟಬಾರದು. ಅದನ್ನು, ಅನ್‌ಬೈಂಡ್ ಆದಾಗ ಪ್ರವೇಶ ತಡೆಯುವ ‘ಡೆವ್‌ರೆಸ್’ ಒಳಗಿಡಿ.